ಬಾಮು ಹಚ್ಚದ ಬೆನ್ನು

ಮೌನಿಕಾಗೆ ಬಾರು ಎಂದರೆ ಭಯ. ಹಾಗಂತ ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ. ಮೇಲೂರಿನಲ್ಲಿ ಬಸ್ಸು ಹತ್ತಿ ಕೂತಾಗಲೇ ಅಂಗೈ ಬೆವರಲು ಶುರುವಾಗುತ್ತಿತ್ತು. ಶಿಡ್ಲಘಟ್ಟದಲ್ಲಿ ಇಳಿದು, ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಮೇಲಿದ್ದ ಜಿಮ್ಮಿನ ಮೆಟ್ಟಿಲು ಹತ್ತುವಷ್ಟರಲ್ಲಿ ಬಾಯಿ ಒಣಗಿರುತ್ತಿತ್ತು. ಕೆಳಗಿನಿಂದ ಬೆಂದ ಗೂಡಿನ ವಾಸನೆ ಗಪ್ಪೆಂದು ಬರುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಂಡರೆ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅವಳ ಹೆದರಿಕೆಯೆಲ್ಲ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಮಲಗಿರುತ್ತಿದ್ದ, ಭಾರ ಎತ್ತುವ ಆ ಕಬ್ಬಿಣದ ಬಾರಿನದು.

ಮೊದಲ ಸಲ ಬೆನ್ನು ಹಿಡಿದದ್ದು ಅವಳ ಕೊಬ್ಬಿನಿಂದಲೇ ಎನ್ನಬೇಕು. ಅಣ್ಣ ಮೋಹನ್‌ಬಾಬು ಎತ್ತಿದ್ದಕ್ಕಿಂತ ಒಂದು ಕಬ್ಬಿಣದ ಪ್ಲೇಟಾದರೂ ಹೆಚ್ಚು ಎತ್ತಬೇಕೆಂಬ ಹಠ. ಬಾರನ್ನು ಹೆಗಲ ಮೇಲೆ ಹೊತ್ತು ಕೂತು ಏಳಬೇಕು, ಅದಕ್ಕೆ ಸ್ಕ್ವಾಟ್ ಎನ್ನುತ್ತಾರೆ. ಕೂತವಳು ಏಳಲಿಲ್ಲ. ನಾಲ್ಕು ಜನ ಸೇರಿ ಅವಳ ಮೇಲಿಂದ ಬಾರು ಇಳಿಸಿದರು. ಹಾಸಿಗೆಯಿಂದ ಎದ್ದ ಮೇಲಾದರೂ ಬುದ್ಧಿ ಬಂತೇ ಎಂದರೆ, ಅದೂ ಇಲ್ಲ. ಪೂರ್ತಿ ವಾಸಿಯಾಗುವ ಮುಂಚೆಯೇ ಕದ್ದು ಹೋಗಿ ಎತ್ತಿ ಮತ್ತೆ ಮಲಗಿದಳು.

ಆಗ ಚಿಕ್ಕಬಳ್ಳಾಪುರದ ಡಾಕ್ಟರ ಬಳಿಗೆ ಅವಳ ಜೊತೆ ಹೋದದ್ದು ಅಜ್ಜಿ ಅಕ್ಕಯ್ಯಮ್ಮ. ಬೆನ್ನಿನ ಡಿಸ್ಕು ಜಾರಿ ಕಾಲಿಗೆ ಹೋಗುವ ನರದ ಹತ್ತಿರ ಬಂದಿದೆ ಎಂದು ಡಾಕ್ಟರು ಸ್ಕ್ಯಾನಿನ ಫಿಲಮ್ಮು ಎತ್ತಿ ತೋರಿಸಿದರು. ಕ್ರಮವಾಗಿ ಕಲಿತರೆ ಮುಂದೆ ಎತ್ತಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಪಾದ ಜೋಮು ಹಿಡಿಯಿತೋ, ಸ್ಪರ್ಶ ಹೋಯಿತೋ, ಅದೇ ಗಳಿಗೆಯಲ್ಲಿ ಎಲ್ಲ ಬಿಟ್ಟು ಬರಬೇಕು. ತಡಮಾಡಿದರೆ ಆ ಪಾದ ಮತ್ತೆ ಎಂದೂ ನೆಟ್ಟಗೆ ಏಳದೆ ಹೋಗಬಹುದು ಎಂದು ಒತ್ತಿ ಹೇಳಿದರು. ಅಜ್ಜಿ ಆ ಫಿಲಮ್ಮಿನ ಕಡೆ ನೋಡಲಿಲ್ಲ, ಮೊಮ್ಮಗಳ ಪಾದವನ್ನೇ ನೋಡುತ್ತಿದ್ದಳು.

ಅಲ್ಲಿಂದ ಮೌನಿಕಾ ನಿಜಕ್ಕೂ ಬದಲಾದಳು. ಕಾಲೇಜೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಭಾನುಪ್ರಕಾಶ್ ಸಂಜೆ ಹೊತ್ತು ಆ ಜಿಮ್ಮು ನಡೆಸುತ್ತಿದ್ದರು. ಅವರು ಕೈಗೆ ಮೊದಲು ಕೊಟ್ಟದ್ದು ಕಸ ಗುಡಿಸುವ ಕಡ್ಡಿಪೊರಕೆಯ ಕೋಲು. ಅದನ್ನು ಹೆಗಲ ಮೇಲಿಟ್ಟುಕೊಂಡು ಕೂತು ಏಳುವಾಗ ಹುಡುಗರು ಮುಸಿಮುಸಿ ನಕ್ಕರು. ಇವಳು ತುಟಿ ಕಚ್ಚಿಕೊಂಡು ಕೂತಳು, ಎದ್ದಳು. ಕೋಲು ಹೋಗಿ ಬರಿ ಬಾರು ಬಂತು, ಬಾರಿಗೆ ಸಣ್ಣ ಪ್ಲೇಟು ಬಂತು. ಊಟ, ನಿದ್ದೆ ಎಲ್ಲ ಮೇಷ್ಟ್ರು ಹೇಳಿದ ಹೊತ್ತಿಗೆ. ವರ್ಷ ಕಳೆಯುವುದರೊಳಗೆ ನಗುತ್ತಿದ್ದ ಹುಡುಗರೇ ಇವಳು ಎತ್ತುವಾಗ ಸುತ್ತ ಬಂದು ನಿಲ್ಲುತ್ತಿದ್ದರು. ಹೊಸ ಜಿಲ್ಲೆಯಾಗಿತ್ತು, ಭಾರ ಎತ್ತುವವರ ಮೊದಲ ಜಿಲ್ಲಾ ತಂಡಕ್ಕೆ ಚಿಕ್ಕಬಳ್ಳಾಪುರದಲ್ಲಿ ಆಯ್ಕೆ ಎಂದು ಸುದ್ದಿ ಬಂತು. ಹೆಣ್ಣುಮಕ್ಕಳಲ್ಲಿ ನಿನ್ನದೇ ಮೊದಲ ಹೆಸರು ಎಂದರು ಮೇಷ್ಟ್ರು.

ಸುದ್ದಿ ಬಂದ ವಾರವೇ ಬೆನ್ನು ಮತ್ತೆ ನೋಯತೊಡಗಿತು.

ಬೇರೆ ಮನೆಯಾಗಿದ್ದರೆ ಗುಟ್ಟು ಅಂದೇ ರಟ್ಟಾಗುತ್ತಿತ್ತು. ಬೆನ್ನು ನೋವೆಂದರೆ ಬಾಮು, ಬಾಮೆಂದರೆ ಬೀದಿಗೆಲ್ಲ ಘಾಟು. ಆದರೆ ಅವಳದು ರೇಷ್ಮೆ ಹುಳು ಸಾಕುವ ಮನೆ. ಹುಳದ ಕೋಣೆಯ ಹತ್ತಿರ ಬೀಡಿ, ಅಗರಬತ್ತಿ, ತಲೆಗೆ ಹಚ್ಚುವ ಘಮಘಮ ಎಣ್ಣೆ, ಯಾವುದೂ ಸುಳಿಯಬಾರದು. ವಾಸನೆಗೆ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ ಎಂಬುದು ಅಜ್ಜಿಯ ಗಟ್ಟಿ ನಂಬಿಕೆ. ಹಿಂದೆ ಮೌನಿಕಾ ಮೊದಲ ಸಲ ಮಲಗಿದ್ದಾಗ ಒಂದು ಬೆಳೆ ಹುಳುವೆಲ್ಲ ಕಪ್ಪಾಗಿ ಸತ್ತಿತ್ತು. ರೋಗವೋ ಏನೋ, ಮನೆಮಂದಿಯೆಲ್ಲ ಮಾತ್ರ ಇವಳ ಬಾಮಿನ ಕಡೆಗೇ ಬೆರಳು ಮಾಡಿದ್ದರು. ಆಮೇಲೆ ಅವಳು ಬಾಮು ಮುಟ್ಟಿರಲಿಲ್ಲ.

ಹಾಗಾಗಿ ಈಗ ಎಲ್ಲರದೂ ಒಂದೇ ಲೆಕ್ಕಾಚಾರ. ವಾಸನೆ ಇಲ್ಲ, ಅಂದರೆ ನೋವಿಲ್ಲ. ಹುಡುಗಿ ಗಟ್ಟಿಯಾದಳು ಎಂದು ಅಪ್ಪ ವೆಂಕಟರಾಮಪ್ಪ ಊರಲ್ಲಿ ಹೇಳಿಕೊಂಡು ಓಡಾಡಿದರು. ಭಾನುಪ್ರಕಾಶರೂ ಮೂಗನ್ನೇ ನಂಬಿದರು. ಮೌನಿಕಾ ಸುಮ್ಮನಿದ್ದಳು. ಹೇಳಿದರೆ ಆಯ್ಕೆ ಕೈಬಿಡುತ್ತದೆ, ಹೇಳದಿದ್ದರೆ ಏನು ಕೈಬಿಡುತ್ತದೋ ಎಂದು ಯೋಚಿಸುವ ಧೈರ್ಯ ಅವಳಿಗಿರಲಿಲ್ಲ. ನೋವು ಸೊಂಟದಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ ಇಳಿಯಿತು. ಒಂದು ದಿನ ನೋವೇ ನಿಂತುಹೋಯಿತು. ಅವತ್ತು ಅವಳಿಗೆ ಆದಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಆಯ್ಕೆಗೆ ಮುಂಚಿನ ಕೊನೆಯ ಅಭ್ಯಾಸದ ದಿನ. ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಮೌನಿಕಾ ಒಂದು ಹೊರೆ ಸೊಪ್ಪು ತಂದು ಹಾಕಿ, ತೋಟದ ದಾರಿಯಿಂದಲೇ ಬಸ್ಸಿಗೆ ಓಡಿದಳು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಅವಳ ಕಾಲು ನೋಡಿ, ಇದೇನಮ್ಮ ಒಂದೇ ಚಪ್ಪಲಿ ಹಾಕ್ಕೊಂಡು ಬಂದಿದ್ದೀಯ ಎಂದು ನಕ್ಕಳು.

ಮೌನಿಕಾ ಬಗ್ಗಿ ನೋಡಿದಳು. ಎಡಗಾಲು ಬರಿಗಾಲು, ಮೊಣಕಾಲವರೆಗೂ ಧೂಳು. ಎಲ್ಲಿ ಬಿತ್ತು, ಎಷ್ಟು ದೂರ ಹಾಗೇ ನಡೆದಳು, ಅವಳಿಗೆ ತಿಳಿಯದು. ಚಪ್ಪಲಿಯ ಉಂಗುಷ್ಟ ಸಡಿಲವಾಗಿತ್ತು ಎಂದು ಆ ಹೆಂಗಸಿಗೆ ಹೇಳಿದಳು, ತನಗೂ ಅದನ್ನೇ ಹೇಳಿಕೊಂಡಳು. ಇಳಿದು ಊರಿಗೆ ವಾಪಸು ಹೋಗುವ ಬಸ್ಸು ಹಿಡಿಯಬಹುದಿತ್ತು. ಉಳಿದ ಚಪ್ಪಲಿಯನ್ನೂ ಬಿಚ್ಚಿ ಚೀಲಕ್ಕೆ ತುರುಕಿ ಜಿಮ್ಮಿನ ಮೆಟ್ಟಿಲು ಹತ್ತಿದಳು. ಎಡಗಾಲು ಎರಡು ಕಡೆ ಎಡವಿತು.

ಮೇಷ್ಟ್ರು ಪ್ಲೇಟು ಹಾಕುತ್ತಾ ಬೆನ್ನು ಹೇಗಿದೆ ಎಂದು ಎಂದಿನಂತೆ ಕೇಳಿದರು.

“ಚೆನ್ನಾಗಿದೆ ಸರ್,” ಎಂದಳು ಮೌನಿಕಾ.

ಬೆಲ್ಟು ಬಿಗಿದುಕೊಂಡು ಬಾರಿನ ಕೆಳಗೆ ಹೆಗಲು ಕೊಟ್ಟಳು. ಇಷ್ಟು ಭಾರ ಅವಳು ಹಿಂದೆ ಹೊತ್ತದ್ದು ಒಂದೇ ಸಲ, ಕೂತು ಏಳದೆ ಹೋದ ದಿನ. ಎಡಪಾದ ನೆಲದ ಮೇಲಿದೆಯೋ ಇಲ್ಲವೋ ಎಂದು ಕಣ್ಣಿಂದಲೇ ನೋಡಿ ಖಚಿತ ಮಾಡಿಕೊಳ್ಳಬೇಕಾಯಿತು. ದೇವರೇ, ಇದೊಂದು ಸಲ ಎಂದುಕೊಂಡಳು. ಕಾಲು ನಡುಗುತ್ತಿತ್ತು, ಬಲಗಾಲು ಮಾತ್ರ.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಅಕ್ಕಯ್ಯಮ್ಮ ಈ ಮೆಟ್ಟಿಲು ಹತ್ತಿದವಳೇ ಅಲ್ಲ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸ್ವಂತ ತಮ್ಮ ಸತ್ತಾಗಲೂ ಮಣ್ಣಿಗೆ ಹೋಗಿ ನಿಂತ ಕಾಲಲ್ಲೇ ವಾಪಸು ಬಂದವಳು. ಅಂಥವಳು ಏದುಸಿರು ಬಿಡುತ್ತಾ, ತೋಟದ ದಾರಿಯಲ್ಲಿ ಸಿಕ್ಕ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

“ಮೇಷ್ಟ್ರೇ, ಅದನ್ನ ಇಳಿಸು ಅನ್ನಿ,” ಎಂದಳು ಅಜ್ಜಿ. “ಕಾಲಿಂದ ಚಪ್ಪಲಿ ಬಿದ್ದೋದ್ರೂ ಈ ಮಗೀಗೆ ಗೊತ್ತಾಗ್ತಿಲ್ಲ.”

ಭಾನುಪ್ರಕಾಶ್ ಬಾರನ್ನು ಸ್ಟ್ಯಾಂಡಿಗೆ ತಳ್ಳಿದರು. ಮೌನಿಕಾ ಉಂಗುಷ್ಟದ ಕತೆ ಶುರುಮಾಡಿದಳು. ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ಕಾಲು ಚಾಚಿ ಮಲಗಿಸಿ, ಕಣ್ಣು ಮುಚ್ಚಿಕೋ, ಎಡಗಾಲಿನ ಬೆರಳು ಮುಟ್ಟಿದಾಗ ಹೇಳು, ಅಷ್ಟು ಸಾಕು ಎಂದರು. ಅಜ್ಜಿ ಕಾಲ ಬುಡದಲ್ಲಿ ನೆಲದ ಮೇಲೆ ಕೂತಳು.

ಮೌನಿಕಾ ಕಣ್ಣು ಮುಚ್ಚಿದಳು. ತಪ್ಪು ಹೇಳಬಾರದು, ಮುಟ್ಟಿದ್ದು ಗೊತ್ತಾದ ತಕ್ಷಣ ಹೇಳಿಬಿಡಬೇಕು, ಆಮೇಲೆ ಎದ್ದು ಬಾರು ಎತ್ತಬೇಕು ಎಂದುಕೊಂಡಳು. ಜೀವವನ್ನೆಲ್ಲ ಆ ಪಾದಕ್ಕೆ ಕಳಿಸಿ ಕಾದಳು. ಕೆಳಗೆ ನೂಲಿನ ಚಕ್ರಗಳು ಗಿರ್ರೆನ್ನುತ್ತಿದ್ದವು. ಇನ್ನೂ ಯಾಕೆ ತಡಮಾಡುತ್ತಿದ್ದಾರೆ ಎಂದು ಅವಳಿಗೆ ಸಿಟ್ಟೇ ಬಂತು.

“ಮುಟ್ಟಿ ಸರ್,” ಎಂದಳು.

ಅವಳು ಕಣ್ಣು ತೆರೆದಳು. ಮೇಷ್ಟ್ರು ದೂರ ಗೋಡೆಯ ಹತ್ತಿರ ನಿಂತು ಮುಖ ತಿರುಗಿಸಿಕೊಂಡಿದ್ದರು. ಅವಳ ಎಡಗಾಲಿನ ಹೆಬ್ಬೆರಳು ಅಜ್ಜಿಯ ಮುಷ್ಟಿಯೊಳಗಿತ್ತು, ಉಗುರು ಊರಿದ ಜಾಗದಲ್ಲಿ ಚರ್ಮ ಬಿಳಿಚಿಕೊಂಡಿತ್ತು.

“ಆಗ್ಲಿಂದ ನಾನೇ ಹಿಡ್ಕೊಂಡಿದೀನಿ ಕಣಮ್ಮ,” ಎಂದಳು ಅಜ್ಜಿ.