ಬಾಲವಿಲ್ಲದ ಪ್ರಶ್ನೆ

ಲಾಂಡ್ರಿಯ ಎದುರಿನ ಅಂಗಡಿಗೆ ಗಡಿಯಾರ ರಿಪೇರಿಯವನು ಬಂದು ಸೇರಿದ ಮೇಲೆಯೇ ಬೀದಿಯಲ್ಲೊಬ್ಬ ಭವಿಷ್ಯ ಹೇಳುವವನು ಹುಟ್ಟಿಕೊಂಡಿದ್ದು. ಪಾಪ, ಆ ಗಡಿಯಾರದವನು ಬೇಕೆಂದು ಹೇಳಿದವನಲ್ಲ. ಅವನು ಪ್ರಶ್ನೆ ಕೇಳುತ್ತಿದ್ದ, ಜನಕ್ಕೆ ಅದು ಹೇಳಿದ ಹಾಗೆ ಕೇಳಿಸುತ್ತಿತ್ತು, ಅಷ್ಟೆ.

ಈ ಗುಟ್ಟು ಗೊತ್ತಿದ್ದದ್ದು ಚೂಟಿ ಒಬ್ಬಳಿಗೇ. ಚೂಟಿ ಎಂದರೆ ಲಾಂಡ್ರಿಯಮ್ಮನ ಮಗಳು. ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಾಳೆಂದು ಆ ಹೆಸರು ಬಿದ್ದಿತ್ತು. ಲಾಂಡ್ರಿಗೆ ನಾನಾ ನುಡಿಯ ಜನ ಬರುತ್ತಾರೆ. ಎಲ್ಲರೂ ಅಷ್ಟಿಷ್ಟು ಕನ್ನಡ ಕಲಿತವರೇ, ಆದರೆ ಪ್ರಶ್ನೆ ಕೇಳುವಾಗ ಮಾತ್ರ ತಾಯ್ನುಡಿ ಎಲ್ಲಿಂದಲೋ ಇಣುಕಿಬಿಡುತ್ತದೆ. ಹೋಟೆಲಿನ ಅಡುಗೆಯವನ ನುಡಿಯಲ್ಲಿ ಇದೆ-ಇಲ್ಲ ಎರಡನ್ನೂ ಅಕ್ಕಪಕ್ಕ ಇಟ್ಟರೆ ಅದೇ ಪ್ರಶ್ನೆ; ಅವನು ಬಂದವನೇ "ಅಂಗಿ ಒಣಗಿದೆ ಒಣಗಿಲ್ಲ" ಎಂದು ನಿಲ್ಲುತ್ತಾನೆ. ನರ್ಸಮ್ಮನ ನುಡಿಯಲ್ಲಿ ಕ್ರಿಯಾಪದ ಮುಂದಕ್ಕೆ ಹಾರುತ್ತದೆ. ಅವಳದು "ಆಯ್ತು ಇಸ್ತ್ರಿ". ಗಡಿಯಾರದವನ ನುಡಿಯಲ್ಲಿ ಪ್ರಶ್ನೆಗೆ ಇರುವುದು ತಲೆ: ವಾಕ್ಯದ ಮುಂದೊಂದು ಪುಟ್ಟ ಪದ ಇಟ್ಟರಾಯಿತು, ಮಿಕ್ಕದ್ದು ಕದಲುವುದಿಲ್ಲ. ಕನ್ನಡದಲ್ಲಿ ಎಷ್ಟು ಹುಡುಕಿದರೂ ಆ ತಲೆ ಅವನಿಗೆ ಸಿಗಲಿಲ್ಲ. ನಮ್ಮದು ಬಾಲದಲ್ಲಿದೆ, ಕೊನೆಯ ಒಂದು 'ಆ'ಕಾರದಲ್ಲಿದೆ ಎಂದು ಯಾರೂ ಅವನಿಗೆ ಹೇಳಲಿಲ್ಲ. ಕೇಳುವಾಗ ದನಿ ಏರಿಸುವ ಅಭ್ಯಾಸವೂ ಅವನಿಗಿಲ್ಲ. ತಲೆಯೂ ಹೋಗಿ ಬಾಲವೂ ಹೋಗಿ, ಅವನ ಬಾಯಲ್ಲಿ ಉಳಿದದ್ದು ಬರೀ ಮುಂಡ.

ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ, ತಂತಿಗೆ ಬಟ್ಟೆ ಹರವುತ್ತಿದ್ದ ಲಾಂಡ್ರಿಯಮ್ಮನಿಗೆ ಅವನು "ಅಮ್ಮ, ಮಳೆ ಬರುತ್ತೆ" ಎಂದ. ಕೊಡೆ ತರಬೇಕೋ ಬೇಡವೋ ಎಂಬ ಚಿಂತೆ ಅವನದು. ಅಮ್ಮ ಬಿಸಿಲನ್ನು ನೋಡಿದಳು, ಅವನನ್ನು ನೋಡಿದಳು, ಯಾಕೋ ಬಟ್ಟೆ ಒಳಗೆ ತಂದಳು. ಮಧ್ಯಾಹ್ನಕ್ಕೆ ಧೋ ಎಂದು ಹೊಯ್ಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆಮೇಲೆ ನರ್ಸಮ್ಮನಿಗೆ "ಬಡ್ತಿ ಸಿಗುತ್ತೆ" ಎಂದ, ಸಿಕ್ಕಿತು. ಅಡುಗೆಯವನಿಗೆ "ಹೆಂಡತಿ ವಾಪಸ್ ಬರ್ತಾಳೆ" ಎಂದ. ಬಂದಳು, ಜೊತೆಗೆ ಅತ್ತೆಯೂ ಬಂದಳು. ಹುಸಿಹೋದವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಚೆನ್ನಾಗಿ ಓಡುವ ಗಡಿಯಾರಗಳನ್ನೂ ಕೆಟ್ಟಿದೆ ಎಂದು ಹಿಡಿದುಕೊಂಡು ಜನ ಅವನಲ್ಲಿಗೆ ಹೋಗತೊಡಗಿದರು.

ಚೂಟಿ ಬಾಯಿಬಿಡಲಿಲ್ಲ. ಅವಳಿಗಿದು ಪುಕ್ಕಟೆ ಮನರಂಜನೆ. ಅಲ್ಲದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಆ ಮನುಷ್ಯ ಅವಳಿಗೆ ಇಷ್ಟವಾಗಿದ್ದ. ಒಂದಲ್ಲ ಒಂದು ದಿನ ಕೇಳುತ್ತಾನೆ, ಸ್ವಲ್ಪ ಸತಾಯಿಸಿ ಆಮೇಲೆ ಹೂಂ ಅನ್ನಬೇಕು ಎಂದು ಇಸ್ತ್ರಿ ಉಜ್ಜುತ್ತಲೇ ಎಲ್ಲ ಯೋಚಿಸಿಟ್ಟಿದ್ದಳು.

ಅವನು ಕೇಳಿದ. ಆದರೆ ಕೇಳಿದ್ದು ಅಮ್ಮನನ್ನು. ಚೂಟಿ ಒಳಗೆ ಕಾಲರುಗಳಿಗೆ ಗಂಜಿ ಹಾಕುತ್ತಿದ್ದಳು.

"ಅಮ್ಮ, ನಿಮ್ಮ ಮಗಳು ನನ್ನನ್ನ ಮದುವೆ ಆಗ್ತಾಳೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅಮ್ಮ. ಅದೂ ಮಳೆಯಂಥ ಮಳೆಯೇ ಮಾತು ಕೇಳಿದ ಬಾಯಿ! "ಆಗಲಿ ಕಣಪ್ಪ" ಎಂದು ಕಣ್ಣೊರೆಸಿಕೊಂಡು, ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹಂಚಿ ಬಂದಳು.

ಚೂಟಿಗೆ ಸಿಟ್ಟು ನೆತ್ತಿಗೇರಿತು. ಅದು ಭವಿಷ್ಯವಲ್ಲ, ಪ್ರಶ್ನೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಆಗುವುದನ್ನು ಯಾರು ತಪ್ಪಿಸುತ್ತಾರೆ, ಸುಮ್ಮನಿರು ಎಂದಳು ಅಮ್ಮ. ತನಗೆ ಬೇಕಾದ ಗಂಡೇ, ನಿಜ. ಆದರೆ ಮದುವೆ ಮಳೆಯ ಹಾಗೆ ತಲೆಯ ಮೇಲೆ ಬಂದು ಬೀಳುವುದು ಅವಳಿಗೆ ಬೇಡವಾಗಿತ್ತು. ತನ್ನನ್ನು ಯಾರೂ ಕೇಳಲೇ ಇಲ್ಲ ಎಂಬುದನ್ನು ನೆನೆದಷ್ಟೂ ಸಂಕಟವಾಯಿತು. ಗಂಜಿ ಕೈಯಲ್ಲೇ ರಸ್ತೆ ದಾಟಿದಳು.

ಅವನು ಮುಖವರಳಿಸಿ ಎದ್ದು ನಿಂತ. ಅವಳೇ ಒಪ್ಪಿದ್ದಾಳೆಂದು ಅಮ್ಮನ ಮಾತಿನಿಂದ ತಿಳಿದಿದ್ದ.

"ನೀವು ಕೇಳಲಿಲ್ಲ, ಹೇಳಿದ್ರಿ. ಮಳೆ ಬರುತ್ತೆ ಅಂದ್ರೆ ಬರುತ್ತೆ. ಕೇಳೋದಾದ್ರೆ ಬರುತ್ತಾ ಅನ್ನಬೇಕು. ಅನ್ನಿ ನೋಡೋಣ."

"ಬರುತ್ತಾ."

ಸಿಗುತ್ತೆಯನ್ನು ಸಿಗುತ್ತಾ ಮಾಡಿಸಿದಳು, ಬರ್ತಾಳೆಯನ್ನು ಬರ್ತಾಳಾ ಮಾಡಿಸಿದಳು. ಬರಬರುತ್ತ ಅವನ ಕಿವಿ ಕೆಂಪಾಯಿತು. ಬೀದಿಯವರು ತನ್ನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದದ್ದು ಯಾಕೆಂದು ಹೊಳೆದು ನಗು ಬಂತು. ಮರುಕ್ಷಣವೇ ನಗು ನಿಂತಿತು. ಅಂದರೆ ಇವಳು ಒಪ್ಪಿಯೇ ಇಲ್ಲ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ನನ್ನನ್ನ ಮದುವೆ ಆಗ್ತೀರಾ?"

ಕೊನೆಯ 'ಆ'ಕಾರವನ್ನು ಬೇಕಾದ್ದಕ್ಕಿಂತ ಉದ್ದ ಎಳೆದ.

"ಇಲ್ಲ," ಎಂದಳು ಚೂಟಿ.

ಅವನು ವಾದಿಸಲಿಲ್ಲ. ಮುಖ ಬಾಡಿತು. ಅಮ್ಮನಿಗೆ ತಾನೇ ತಿಳಿಸುತ್ತೇನೆ, ತಪ್ಪು ತನ್ನದೇ ಎಂದು ಬೀದಿಯವರಿಗೂ ಹೇಳುತ್ತೇನೆ ಎಂದು ತಡವರಿಸುತ್ತ ಚಪ್ಪಲಿ ಮೆಟ್ಟಿಕೊಂಡ. ಚೂಟಿಯ ಎದೆ ತುಂಬಿ ಬಂತು. ಇಲ್ಲ ಎಂದರೆ ಇಲ್ಲವೆಂದೇ ತಿಳಿಯುವ ಮನುಷ್ಯ; ಹಾಗಾದರೆ ಇವನು ಕೇಳಿದ್ದು ನಿಜವಾಗಿಯೂ ಪ್ರಶ್ನೆಯೇ.

ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಈಗ ಇನ್ನೊಂದ್ಸಲ ಕೇಳಿ," ಎಂದಳು.