ಕೋಟು ಬಿಚ್ಚಿಟ್ಟು ಕೂರುವ ಮನೆ

ಪಿಂಗಾಣಿಗೆ ಹೆಸರಾದ ಲಾಂಗ್ಟನ್ ಊರಿನ ಸಾಲುಮನೆಗಳಲ್ಲಿ ಚಳಿಗಾಲದ ಒಂದು ಪಂತವಿದೆ. ನವೆಂಬರ್ ಒಂದನೇ ತಾರೀಕಿಗೆ ಮೊದಲು ಯಾರೂ ಹೀಟರ್ ಹಚ್ಚುವುದಿಲ್ಲ. ಹಚ್ಚಿದವರನ್ನು ಇಡೀ ಬೀದಿ ಆಡಿಕೊಳ್ಳುತ್ತದೆ. ಲೋರ್ನಾ ಬ್ಲೂರ್ ಈ ಪಂತದಲ್ಲಿ ಯಾವತ್ತೂ ಸೋತವಳಲ್ಲ. ಈ ವರ್ಷವಂತೂ ಡಿಸೆಂಬರ್ ಎರಡನೇ ವಾರ ಬಂದರೂ ಅವಳ ಮನೆಯ ಹೀಟರ್ ತಣ್ಣಗೇ ಇತ್ತು. ಗಂಡ ಹೆಂಡತಿ ಇಬ್ಬರೂ ಕೋಟು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದರು.

ಕಾರಣ ಅಡುಗೆಮನೆಯ ಗೋಡೆಯ ಮೇಲಿತ್ತು. ಚೌಕಳಿ ಕಾಗದದ ಮೇಲೆ ಲೋರ್ನಾ ತನ್ನ ಮನೆಯನ್ನೇ ಬರೆದು ಅಂಟಿಸಿದ್ದಳು. ಒಂದು ಬಾಗಿಲು, ಎರಡು ಕಿಟಕಿ, ಉಳಿದದ್ದೆಲ್ಲ ಇಟ್ಟಿಗೆ. ಒಂದು ಇಟ್ಟಿಗೆ ಎಂದರೆ ಮನೆಸಾಲದ ನೂರು ಪೌಂಡ್. ತೀರಿದ ಇಟ್ಟಿಗೆಗೆ ಕೆಂಪು ಬಣ್ಣ. ತಿಂಗಳ ಕಂತಿನ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಅವಳು ಸಾಲಕ್ಕೇ ಕಟ್ಟುತ್ತಿದ್ದಳು. ಅವಳಿಗೆ ಈಗ ನಲವತ್ತಾರು. ಐವತ್ತು ತುಂಬುವ ದಿನ ಕೊನೆಯ ಇಟ್ಟಿಗೆ ಕೆಂಪಾಗಬೇಕು.

ಅವಳ ಅಮ್ಮ ಜೀವನವಿಡೀ ಬಾಡಿಗೆ ಮನೆಯಲ್ಲಿದ್ದವಳು. ಶುಕ್ರವಾರ ಸಂಜೆ ಬಾಡಿಗೆ ವಸೂಲಿಯವನು ಬಾಗಿಲು ಬಡಿದರೆ ಅಮ್ಮ ರೇಡಿಯೋ ಆರಿಸಿ, ಮಕ್ಕಳನ್ನು ಎಳೆದುಕೊಂಡು ಸೋಫಾದ ಹಿಂದೆ ಕುಕ್ಕರಿಸುತ್ತಿದ್ದಳು. ಉಸಿರು ಬಿಗಿಹಿಡಿಯುವುದನ್ನು ಲೋರ್ನಾ ಕಲಿತದ್ದು ಅಲ್ಲಿಯೇ. ವಂಶದಲ್ಲಿ ಮೊದಲ ಬಾರಿಗೆ ಸ್ವಂತ ಮನೆ ಮಾಡಿದವಳು ತಾನು ಎಂಬ ಹೆಮ್ಮೆ ಅವಳ ನಡಿಗೆಯಲ್ಲೇ ಇತ್ತು. ಬೀದಿಯವರಿಗೂ ಅದು ಗೊತ್ತಿತ್ತು.

ಆದರೆ ಆ ಮನೆಗೆ ಈಗ ಬರುತ್ತಿದ್ದದ್ದು ಒಂದೇ ಸಂಬಳ. ಗಂಡ ನೆವಿಲ್ ಲಾರಿ ಓಡಿಸುತ್ತಿದ್ದವನು. ಎರಡು ವರ್ಷದ ಹಿಂದೆ ನ್ಯುಮೋನಿಯಾ ಬಂದು ಶ್ವಾಸಕೋಶ ಸೊರಗಿ ಕೆಲಸ ಬಿಟ್ಟ. ಇನ್ನೊಮ್ಮೆ ಅದು ಬಂದರೆ ಆಸ್ಪತ್ರೆಯಿಂದ ವಾಪಸ್ ಬರುವುದು ಕಷ್ಟ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಲೋರ್ನಾ ಪಿಂಗಾಣಿ ಕಾರ್ಖಾನೆಯಲ್ಲಿ ಟೀ ಕಪ್ಪು, ತಟ್ಟೆಗಳನ್ನು ಸುಡುವ ದೊಡ್ಡ ಗೂಡನ್ನು, ಆವಿಗೆಯನ್ನು, ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೊರಡುವಾಗ ದಿನವೂ ಹೇಳುತ್ತಿದ್ದಳು: "ಮಧ್ಯಾಹ್ನ ಒಂದು ಗಂಟೆ ಹೊತ್ತು ಹೀಟರ್ ಹಾಕ್ಕೋ ಆಯ್ತಾ? ನಿನಗೋಸ್ಕರ ಅಷ್ಟು ದುಡ್ಡು ಬಿಟ್ಟಿದ್ದೀನಿ."

"ಹಾಕ್ಕೋತೀನಿ," ಎನ್ನುತ್ತಿದ್ದ ನೆವಿಲ್.

ಒಂದು ಗುರುವಾರ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮಧ್ಯಾಹ್ನ ಎರಡಕ್ಕೇ ಮನೆಗೆ ಕಳಿಸಿದರು. ಹೆಚ್ಚುವರಿ ಪಾಳಿಯ ಎಂಟುನೂರು ಪೌಂಡ್ ಅಂದೇ ಅವಳ ಖಾತೆಗೆ ಬಿದ್ದಿತ್ತು. ಎಂಟು ಇಟ್ಟಿಗೆ. ಬಸ್ಸಿನಲ್ಲಿ ಕೂತು ಅವಳು ಎಡ ಕಿಟಕಿಯ ಕೆಳಗಿನ ಸಾಲನ್ನು ಮನಸ್ಸಿನಲ್ಲೇ ತುಂಬಿದಳು.

ಮನೆಯಲ್ಲಿ ನೆವಿಲ್ ಇರಲಿಲ್ಲ. ಹೀಟರ್ ಮುಟ್ಟಿದಳು, ಕಲ್ಲಿನಂತೆ ತಣ್ಣಗಿತ್ತು. ಹೊರಗೆ ಬಂದರೆ ಎದುರುಮನೆಯವಳು ಕಿಟಕಿ ಒರೆಸುತ್ತಿದ್ದಳು.

"ನೆವಿಲ್ ಎಲ್ಲಾದ್ರೂ ಹೋದ್ನಾ?"

"ಲೈಬ್ರರೀಲಿ ಇರ್ತಾನಲ್ಲ, ದಿನಾ. ನಿನಗೇ ಗೊತ್ತಿಲ್ವಾ?"

ಲೈಬ್ರರಿಯ ಹಿಂದಿನ ಕೋಣೆಯ ಬಾಗಿಲಿಗೆ ಒಂದು ಚೀಟಿ: 'ಬೆಚ್ಚನೆ ಕೋಣೆ. ಯಾರು ಬೇಕಾದರೂ ಬನ್ನಿ. ಟೀ ಉಚಿತ.' ಮನೆ ಬೆಚ್ಚಗಿಡಲು ಆಗದವರಿಗಾಗಿ ಊರವರೇ ಮಾಡಿದ ಏರ್ಪಾಡು. ಕಳೆದ ವರ್ಷ ಲೋರ್ನಾ ಅದಕ್ಕೆ ಎರಡು ಡಬ್ಬಿ ಬಿಸ್ಕತ್ತು ಕೊಟ್ಟಿದ್ದಳು, ಪಾಪದವರು ತಿನ್ನಲಿ ಎಂದು.

ಒಳಗೆ ನೆವಿಲ್ ಅಂಗಿಯ ತೋಳು ಮಡಿಚಿ, ಚೂರು ಜೋಡಿಸಿ ಮಾಡುವ ದೊಡ್ಡದೊಂದು ಚಿತ್ರದ ಮುಂದೆ ಕೂತಿದ್ದ. ಕೆನ್ನೆ ಕೆಂಪಗಿತ್ತು. ಯಾವುದೋ ಮಾತಿಗೆ ಜೋರಾಗಿ ನಕ್ಕ. ನಕ್ಕ ಮೇಲೆ ಕೆಮ್ಮು ಬರಲಿಲ್ಲ. ಮನೆಯಲ್ಲಿ ಅವನು ನಕ್ಕರೆ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದ. ಅದಕ್ಕೇ ಈಚೆಗೆ ನಗುವುದನ್ನೇ ಬಿಟ್ಟಿದ್ದ.

"ನಡಿ ಮನೆಗೆ," ಎಂದಳು ಲೋರ್ನಾ.

"ಆಕಾಶ ಒಂದು ಬಾಕಿ ಇದೆ ಕಣೇ. ಬರೀ ನೀಲಿ. ಪ್ರಾಣ ತಿಂತಾ ಇದೆ."

"ನೆವಿಲ್, ನಾವು ಸ್ವಂತ ಮನೆ ಇರೋರು. ಇಲ್ಲಿ ಬಂದು ಕೂರ್ತಾರಾ ಯಾರಾದ್ರೂ?"

ಟೀ ಬಗ್ಗಿಸುತ್ತಿದ್ದ ಹೆಂಗಸು ತಿರುಗಿದಳು. ಆಲ್ವೆನ್ ಟ್ಯಾಮ್ಸ್, ಮನೆಸಾಲ ಕೊಡುವ ಸೊಸೈಟಿಯೊಂದರ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದವಳು. ಈಗ ಇಲ್ಲಿ ಟೀ ಕೊಡುತ್ತಾ, ಕೇಳಿದವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು.

"ಸ್ವಂತ ಮನೆ ಇರೋರಿಗೆ ಚಳಿ ಆಗಲ್ವೇನೇ ಲೋರ್ನಾ?" ಎಂದಳು. "ಕೂತ್ಕೋ. ಟೀ ಕುಡಿದು ಜಗಳ ಆಡು."

ಲೋರ್ನಾ ಕೂತಳು. ಕೋಟು ಬಿಚ್ಚಲಿಲ್ಲ. "ನಾನು ಒಂದು ಗಂಟೆ ಹಾಕ್ಕೋ ಅಂದಿದ್ದೆ," ಎಂದಳು ಗಂಡನಿಗೆ.

"ಹಾಕಿದ್ರೆ ನಿನ್ನ ಒಂದು ಇಟ್ಟಿಗೆ ತಡ ಆಗುತ್ತಲ್ಲ," ಎಂದ ನೆವಿಲ್, ಚಿತ್ರದಿಂದ ಕಣ್ಣೆತ್ತದೆ. "ಆ ಕೆಂಪು ಬಣ್ಣ ಹಚ್ಚೋವಾಗ ನಿನ್ನ ಮುಖ ನೋಡ್ಬೇಕು ನೀನು. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ."

ಆಲ್ವೆನ್ ಕಪ್ಪನ್ನು ಮುಂದೆ ತಳ್ಳಿದಳು. "ಈ ವರ್ಷ ಕಂತಿನ ಮೇಲೆ ಎಷ್ಟು ಕಟ್ಟಿದ್ದೀಯ?"

"ಎರಡು ಸಾವಿರದ ಒಂಬೈನೂರು. ಇವತ್ತು ಇನ್ನೊಂದು ಎಂಟುನೂರು ಕಟ್ತೀನಿ. ಬಡ್ಡಿ ಉಳಿಯುತ್ತೆ. ಅದರಲ್ಲಿ ತಪ್ಪೇನಿದೆ?"

"ಬಡ್ಡಿ ಉಳಿಯುತ್ತೆ, ನಿಜ. ಮೆಚ್ಚಬೇಕು ನಿನ್ನ. ವರ್ಷದ ಶುರುವಲ್ಲಿ ಬಾಕಿ ಎಷ್ಟಿತ್ತು?"

"ಮೂವತ್ತೊಂದು ಸಾವಿರ."

"ಬಡ್ಡಿ ದರ ಬದಲಾಗದ ಹಾಗೆ ಕಟ್ಟಿಹಾಕಿದ ಸಾಲ ತಾನೇ? ನಿನ್ನ ಪತ್ರದಲ್ಲಿ ಒಂದು ಸಾಲು ಇರುತ್ತೆ, ಓದು. ಹೆಚ್ಚು ಕಡಿಮೆ ಎಲ್ಲರದ್ದೂ ಒಂದೇ. ವರ್ಷಕ್ಕೆ ಬಾಕಿಯ ಹತ್ತನೇ ಒಂದು ಭಾಗದವರೆಗೆ ಹೆಚ್ಚಿಗೆ ಕಟ್ಟಬಹುದು. ಅದು ದಾಟಿದ್ರೆ ದಂಡ. ನಿನಗೆ ಈ ವರ್ಷ ಇನ್ನೂರು ಪೌಂಡಿಗೆ ಮಾತ್ರ ಜಾಗ ಇದೆ. ಮಿಕ್ಕ ಆರುನೂರರ ಮೇಲೆ ದಂಡ ಹಾಕ್ತಾರೆ."

"ಬೇಗ ತೀರಿಸಿದ್ದಕ್ಕೆ ದಂಡವಾ?"

"ಬಡ್ಡಿ ಅವರ ಸಂಬಳ ಕಣೇ. ಇನ್ನೊಂದು ಕೇಳ್ತೀನಿ. ಹೀಟರಿಗೆ ನೀರು ಕಾಯಿಸೋ ನಿನ್ನ ಗ್ಯಾಸ್ ಬಾಯ್ಲರ್‌ಗೆ ಎಷ್ಟು ವಯಸ್ಸು?"

"ಹದಿನೆಂಟು," ಎಂದ ನೆವಿಲ್. "ನನ್ನ ಥರಾನೇ ಉಸಿರಾಡುತ್ತೆ."

"ಅದು ನಾಳೆ ಕೆಟ್ರೆ ದುಡ್ಡೆಲ್ಲಿದೆ?"

"ಎಲ್ಲಾ ಗೋಡೆಯ ಇಟ್ಟಿಗೇಲಿದೆ," ಎಂದಳು ಲೋರ್ನಾ.

"ಗೋಡೆಗೆ ಹಾಕಿದ ಇಟ್ಟಿಗೇನ ಕಷ್ಟ ಬಂತು ಅಂದ ತಕ್ಷಣ ಅವರು ವಾಪಸ್ ಕಿತ್ತು ಕೊಡಲ್ಲ," ಎಂದಳು ಆಲ್ವೆನ್. "ಆವಾಗ ಕಾರ್ಡಿನ ಮೇಲೆ ಸಾಲ ತೆಗೀತೀಯ. ಮನೆಸಾಲದ ಬಡ್ಡಿ ಐದು, ಕಾರ್ಡಿಂದು ಇಪ್ಪತ್ತೈದು. ಐದು ಉಳಿಸೋಕೆ ಇಪ್ಪತ್ತೈದು ಕೊಟ್ಟ ಹಾಗೆ. ಮನೇಲಿ ಕಾಯಿಲೆಯವರು ಇದ್ದಾರೆ ಅಂತ ಗ್ಯಾಸಿನವರಿಗೆ ತಿಳಿಸಿದ್ದೀಯಾ? ಅಂಥವರಿಗೆ ಮೊದಲು ನೆರವು ಕೊಡೋಕೆ ಅವರ ಹತ್ರ ಪಟ್ಟಿ ಇರುತ್ತೆ, ಹೆಸರು ಬರೆಸಬೇಕು."

"ನಮ್ಮನೆ ವಿಷಯ ಅವರಿಗೆ ಯಾಕೆ?"

"ಬಿಲ್ಲು ಮಾತ್ರ ಅವರ ಕೈಯಿಂದ ತಗೋತೀಯಲ್ಲ."

ಪಕ್ಕದ ಮೇಜಿನವರು ನಕ್ಕರು. ಲೋರ್ನಾಳ ಕಿವಿ ಬಿಸಿಯಾಯಿತು. ಈ ಊರಿನ ಎಲ್ಲರಂತೆ, ಕಪ್ಪನ್ನು ಎತ್ತಿ ಅಡಿಯಲ್ಲಿ ಯಾವ ಕಾರ್ಖಾನೆಯ ಮುದ್ರೆ ಇದೆ ನೋಡಿದಳು. ಅವಳ ಕಾರ್ಖಾನೆಯದೇ. ಅಭ್ಯಾಸಬಲದಿಂದ ಅಂಚಿಗೆ ಉಗುರಿನಿಂದ ಕುಟ್ಟಿದಳು. ಒಳ್ಳೆಯ ಕಪ್ಪಾದರೆ ಗಂಟೆಯಂತೆ ಗುನುಗುತ್ತದೆ. ಇದು 'ಟಪ್' ಎಂದಿತು.

"ಇದು ಹೋಯ್ತು," ಎಂದಳು. "ಒಳಗೆ ಬಿರುಕಿದೆ."

"ನನಗೇನೂ ಕಾಣ್ತಾ ಇಲ್ಲ," ಎಂದಳು ಆಲ್ವೆನ್.

ನೆವಿಲ್ ಮೊದಲ ಸಲ ತಲೆಯೆತ್ತಿದ. "ಅವಳಿಗೆ ಕೇಳ್ಸುತ್ತೆ. ಮೊನ್ನೆ ಮ್ಯಾನೇಜರ್ ಬಂದು, ಆರ್ಡರ್ ಅರ್ಜೆಂಟು, ಆವಿಗೆ ಬಾಗಿಲು ತೆಗಿ ಅಂದ. ಇವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳಂತೆ. ಆರು ಗಂಟೆ ಹೊತ್ತು ಅಲ್ಲಾಡಲಿಲ್ಲ. ಇಲ್ಲಿ ಎಲ್ಲರಿಗೂ ಹೇಳಿದ್ದೀನಿ." ಅವನ ದನಿಯಲ್ಲಿ ಹೆಮ್ಮೆ ತುಂಬಿತ್ತು.

"ಯಾಕೆ ತೆಗೀಲಿಲ್ಲ?" ಎಂದು ಕೇಳಿದಳು ಆಲ್ವೆನ್. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು.

ಇದು ಲೋರ್ನಾಳ ವಿಷಯ. ಅವಳು ನೆಟ್ಟಗೆ ಕೂತಳು. "ಬೆಂಕಿ ಆರಿದ ಮೇಲೂ ಒಳಗೆ ಮುನ್ನೂರು ಡಿಗ್ರಿ ಇರುತ್ತೆ. ಬಾಗಿಲು ತೆಗೆದ್ರೆ ತಣ್ಣನೆ ಗಾಳಿ ನುಗ್ಗುತ್ತೆ. ಆವಾಗ ಏನೂ ಕಾಣಲ್ಲ, ಎಲ್ಲಾ ಚೆನ್ನಾಗೇ ಇರುತ್ತೆ. ಆಮೇಲೆ, ಕಪಾಟಲ್ಲಿ ಕೂತಲ್ಲೇ, ವಾರ ಬಿಟ್ಟು ಟಿಣ್ ಅಂತ ಸೀಳುತ್ತೆ. ಆ ಮನುಷ್ಯನಿಗೆ ಬೇಗ ಮುಗಿದ್ರೆ ಸಾಕು. ಬೇಗ ಬೇಗ ಅಂತ ಹೋಗಿ, ಚಳಿ ಒಳಗೆ ಬಿಟ್ಟು, ಒಳಗಿರೋದನ್ನೇ..."

ಮಾತಿನ ನಡುವೆ ಅವಳ ಕಣ್ಣು ಗಂಡನ ಕಡೆ ಹೋಯಿತು.

ನೆವಿಲ್‌ನ ಕೈ ಮೇಜಿನ ಮೇಲಿತ್ತು. ಮನೆಯಲ್ಲಿ ಅವನ ಉಗುರು ನೀಲಿಯಾಗಿರುತ್ತಿತ್ತು. ಇಲ್ಲಿ ಗುಲಾಬಿ ಬಣ್ಣ. ಲೋರ್ನಾ ಆ ಉಗುರುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಮತ್ತೆ ಕೂತಳು.

"ಸರಿ, ಹೇಳು ಆಲ್ವೆನ್," ಎಂದಳು. "ಆದ್ರೆ ಕಟ್ಟೋದು ನಿಲ್ಲಿಸು ಅಂತ ಮಾತ್ರ ಹೇಳ್ಬೇಡ."

"ಯಾಕೆ ಹೇಳಲಿ? ಯಾವುದು ಮೊದಲು ಅನ್ನೋದನ್ನ ಬದಲಾಯಿಸು ಅಷ್ಟೇ. ಸಂಬಳ ಬಂದ ದಿನ ಕಂತು, ಗ್ಯಾಸು, ಕರೆಂಟು, ನೀರು, ಊಟ. ಆಮೇಲೆ ಮೂರು ತಿಂಗಳು ಮನೆ ನಡೆಯೋಷ್ಟು ದುಡ್ಡು ಬೇಕಾದಾಗ ತೆಗೆಯೋ ಖಾತೇಲಿ ನಿಧಾನಕ್ಕೆ ಕೂಡಿಸು. ಅದು ತುಂಬಿದ ಮೇಲೆ ಉಳಿದದ್ದೆಲ್ಲ ಗೋಡೆಗೆ. ಹಾಗೇ ಸೊಸೈಟಿಗೆ ಫೋನ್ ಮಾಡಿ ಕೇಳು: ನಾನು ಹೆಚ್ಚಿಗೆ ಕಟ್ಟಿದ್ದರಿಂದ ಕಂತು ಕಡಿಮೆ ಆಗುತ್ತೋ, ವರ್ಷ ಕಡಿಮೆ ಆಗುತ್ತೋ ಅಂತ. ಯಾವುದು ಬೇಕು ಅಂತ ನೀನೇ ಹೇಳ್ಬೇಕು." ಆಲ್ವೆನ್ ಬಿರುಕಿನ ಕಪ್ಪನ್ನು ಪಕ್ಕಕ್ಕಿಟ್ಟು ಕೇಳಿದಳು, "ಭಾನುವಾರ ಈಜೋಕೆ ಹೋಗ್ತಿದ್ಯಲ್ಲ, ಯಾಕೆ ಬಿಟ್ಟೆ?"

"ನಾಲ್ಕು ಪೌಂಡ್ ಅದು."

"ಒಂದೇ ಸಂಬಳದ ಮನೇಲಿ ಆ ಸಂಬಳ ತರೋಳೇ ಮಲಗಿದ್ರೆ? ನಿನ್ನ ಮೈಯೂ ಕಟ್ಟಬೇಕಾದ ಬಿಲ್ಲೇ ಕಣಮ್ಮ."

ಅಂದು ಸಂಜೆ ಲೋರ್ನಾ ಹೀಟರ್ ಹಚ್ಚಿದಳು. ಪೈಪುಗಳು ಕಟಕಟ ಎಂದವು. ನೆವಿಲ್ ಗೋಡೆಯ ಚಿತ್ರದಲ್ಲಿ ಸೂರಿನ ಮೇಲೆ ಒಂದು ಚಿಮಣಿ ಬರೆದು, ಅದರಿಂದ ಹೊಗೆ ಬಿಟ್ಟ.

"ನಮ್ಮನೆಗೆ ಚಿಮಣಿ ಇಲ್ಲ," ಎಂದಳು ಲೋರ್ನಾ.

"ಹೊಗೆ ಇದ್ರೆ ಒಳಗೆ ಜನ ಇದ್ದಾರೆ ಅಂತ ಗೊತ್ತಾಗುತ್ತೆ," ಎಂದ.

ಎಂಟುನೂರು ಪೌಂಡ್ ಬೇರೆ ಖಾತೆಗೆ ಹೋಯಿತು. ಚಳಿಗಾಲ ಮುಗಿದರೂ ಅಲ್ಲಿಗೇ ತಿಂಗಳು ತಿಂಗಳು ಕೂಡಿಸಿದಳು. ಮುಂದಿನ ಚಳಿಗಾಲದ ಮೊದಲ ವಾರ ಬಾಯ್ಲರ್ ಕೊನೆಯುಸಿರೆಳೆಯಿತು. ಮಾರನೆಯ ದಿನವೇ ಹೊಸದು ಬಂತು, ಯಾರ ಮುಂದೆಯೂ ಕೈ ಒಡ್ಡದೆ, ಕಾರ್ಡು ತೆಗೆಯದೆ. ಖಾತೆಯನ್ನು ಮತ್ತೆ ತುಂಬಿಸಿ, ಲೋರ್ನಾ ಕೆಂಪು ಬಣ್ಣ ಕೈಗೆತ್ತಿಕೊಂಡಳು. ಈಗಿನ ಲೆಕ್ಕದಲ್ಲಿ ಕೊನೆಯ ಇಟ್ಟಿಗೆ ತುಂಬುವುದು ಐವತ್ತಕ್ಕಲ್ಲ, ಐವತ್ತೆರಡಕ್ಕೆ. ಯಾರಾದರೂ ಕೇಳಿದರೆ ತಲೆಯೆತ್ತಿಯೇ ಹೇಳುತ್ತಾಳೆ. ಎರಡು ಚಳಿಗಾಲ ಕಳೆದವು, ನೆವಿಲ್ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಲೈಬ್ರರಿಗೆ ಮಾತ್ರ ಈಗಲೂ ಹೋಗುತ್ತಾನೆ, ಟೀ ಬಗ್ಗಿಸಲು. ಅಲ್ಲಿಯ ಕಪ್ಪುಗಳೆಲ್ಲ ಹೊಸವು. ಒಂದೊಂದನ್ನೂ ಲೋರ್ನಾ ಕುಟ್ಟಿ ಕೇಳಿ ಆರಿಸಿ ಕೊಟ್ಟಿದ್ದಾಳೆ.

ಒಂದು ಭಾನುವಾರ ಲೋರ್ನಾ ಈಜಿ ಬಂದು, ಒದ್ದೆ ಕೂದಲಲ್ಲೇ ಕಾವಲಿಯ ಮೇಲೆ ದೋಸೆಯಂಥ ಓಟ್‌ಕೇಕ್ ಹುಯ್ಯುತ್ತಿದ್ದಾಗ ಆಲ್ವೆನ್ ಊಟಕ್ಕೆ ಬಂದಳು. ಬಾಗಿಲ ಬಳಿ ನಿಂತು ಸುತ್ತ ನೋಡಿದಳು.

"ಕೋಟು ಎಲ್ಲಿ ಹಾಕಲೇ? ಒಂದು ಮೊಳೆಯೂ ಇಲ್ಲವಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆ ಮನೆಗೆ ಬಂದ ಯಾರೂ ಇದುವರೆಗೆ ಕೋಟು ಬಿಚ್ಚಿರಲಿಲ್ಲ. ನೆವಿಲ್ ಸುತ್ತಿಗೆ ಹುಡುಕಿಕೊಂಡು ಬಂದು, ಕೆಂಪು ಇಟ್ಟಿಗೆಗಳ ಚಿತ್ರದ ಪಕ್ಕದಲ್ಲೇ ಒಂದು ಮೊಳೆ ಹೊಡೆದ. ಸ್ವಂತ ಗೋಡೆ. ಯಾರನ್ನೂ ಕೇಳಬೇಕಿರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದೇ ಸಂಬಳ ಇರಬಹುದು, ಮನೆಸಾಲ ಬೇಗ ತೀರಿಸುವ ಛಲವೂ ಇರಬಹುದು. ಆ ಛಲ ಬಿಡಬೇಡಿ. ಆದರೆ ಹೆಚ್ಚಿನ ಕಂತು ಕಟ್ಟುವ ಮೊದಲು ಸಾಲದ ಪತ್ರ ಹೊರತೆಗೆದು ಓದಿ, ದಂಡ ಇದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಹೆಚ್ಚು ಬಡ್ಡಿಯ ಸಾಲವಿದ್ದರೆ ಅದನ್ನು ಮೊದಲು ತೀರಿಸಿ. ಮೂರು ತಿಂಗಳ ಖರ್ಚು ಕೈಗೆಟುಕುವ ಕಡೆ ಇರಲಿ. ಔಷಧಿ, ಊಟ, ನಿದ್ದೆ, ವಾರಕ್ಕೊಂದು ಸಂತೋಷ ಇವುಗಳನ್ನು ಕಡಿದು ಕಂತು ಕಟ್ಟಬೇಡಿ. ಇವತ್ತು ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ಒಬ್ಬರನ್ನೊಬ್ಬರು ಕೇಳಿ: ಈ ಮನೆಗಾಗಿ ನೀನು ನನಗೆ ಹೇಳದೆ ಏನನ್ನು ಬಿಟ್ಟಿದ್ದೀಯ? ಉತ್ತರ ಬರುವವರೆಗೆ ಕಾಯಿರಿ. ಸಾಲ ತೀರಿದ ದಿನ ನಿಮ್ಮ ಮನೆಯ ಬಾಗಿಲು ತೆಗೆಯಲು ನೀವೆಲ್ಲರೂ ಒಳಗೆ ಇರಬೇಕು.