ಅಕ್ಕನ ಹತ್ತು ಕಂಬಗಳು

ಕಿರ್ರ್ ಎಂದು ಟಿಕೆಟ್ ಮಿಷನ್ನು ಚೀಟಿಯನ್ನು ಹೊರಗೆ ತಳ್ಳುತ್ತದೆ, ಅಕ್ಕ ಹರಿದು ಕೊಡುತ್ತಾಳೆ, ಬೀರೂರಿಗೆ ಎರಡಾ, ಒಳಗ್ ಹೋಗ್ರಮ್ಮ, ಬಾಗಿಲಲ್ ನಿಲ್ಬೇಡಿ — ದನಿ ಮೊದಲಿನ ಹಾಗೇ ಇದೆ, ಏಳು ತಿಂಗಳು ಹಾಸಿಗೆ ಹಿಡಿದವಳ ದನಿಯಲ್ಲ, ಖಾಕಿ ಅಂಗಿ ಮಾತ್ರ ಹೆಗಲಿನಿಂದ ಜಾರುತ್ತಿದೆ, ಅದರೊಳಗೆ ಇನ್ನೊಬ್ಬ ಕೋಮಲಕ್ಕ ಹಿಡಿಸುವಷ್ಟು ಸಡಿಲ, ಡ್ಯೂಟಿಗೆ ಮರಳಿ ಇವತ್ತಿಗೆ ಮೂರು ದಿನ. ಕಡೂರು ಬಿಟ್ಟಾಗಿನಿಂದ ತಂಗಿ ಸ್ಫೂರ್ತಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಸಿಯೇರುತ್ತಿದೆ, ಪರದೆಯಲ್ಲಿ ಅಕ್ಕನ ರಕ್ತದ ಲೆಕ್ಕ, ಹತ್ತು ಕಂಬಗಳು, ಹತ್ತೆಲ್ಲಿ, ಒಂದು ಕಂಬ, ಒಂಬತ್ತು ಗೆರೆ — ತಪ್ಪಿರಬೇಕು, ಚಿಕಿತ್ಸೆಗೆ ಮುಂಚಿನ ಫೈಲ್ ತೆರೆದಿರಬೇಕು, ಇಲ್ಲ, ತಾರೀಕು ಹೋದ ವಾರದ್ದೇ, ರಕ್ತದ ಟ್ಯೂಬಿನ ಮೇಲೆ ನಂಬರು ಬರೆದದ್ದು ತಾನೇ. ಮತ್ತೆ ಪ್ರೋಗ್ರಾಂ ಓಡಿಸುತ್ತಾಳೆ, ಹೆಚ್ಚಿರುವುದು ಮೇಲೆ ಬರುವಂತೆ ಜೋಡಿಸು, ಮೊದಲ ಹತ್ತು ತೆಗೆದುಕೋ, ಚಿತ್ರ ಬರೆ, ಮೂರೇ ಸಾಲು, ಜೂನಿಯರ್‌ಗಳಿಗೆ ಲ್ಯಾಬಿನಲ್ಲಿ ಅವಳೇ ಕಲಿಸುವ ಮೂರು ಸಾಲು, ಬಂದದ್ದು ಅದೇ, ಆ ಒಂದು ಕಂಬವೇ ಅರವತ್ತನಾಲ್ಕು ಪರ್ಸೆಂಟ್. ರಕ್ತದ ಒಂದೊಂದು ಕಾವಲು ಕಣಕ್ಕೂ ಅಕ್ಷರಗಳ ಸಾಲಿನಂಥ ಗುರುತೊಂದಿದೆ ಕಣೇ, ಒಳ್ಳೇ ರಕ್ತದಲ್ಲಿ ಲಕ್ಷಾಂತರ ಬೇರೆಬೇರೆ ಗುರುತು, ನಿನ್ನಲ್ಲಿ ಒಂದೇ ಗುರುತಿನವು ತುಂಬಿಕೊಂಡಿವೆ, ಅದೇ ಕ್ಯಾನ್ಸರ್ ಎಂದು ವಾರ್ಡಿನಲ್ಲಿ ತಾನು ಹೇಳಿದಾಗ ಅಕ್ಕ ನಕ್ಕಿದ್ದಳು, ಅಂದ್ರೆ ಒಬ್ನೇ ಬಸ್ಸಿನ್ ಸೀಟೆಲ್ಲ ಹಿಡ್ದಂಗೆ, ಇಳಿಸ್ತೀನಿ ಬಿಡೇ, ಎಂಥೆಂಥೋರನ್ನ ಇಳಿಸಿಲ್ಲ ನಾನು. ಇಳಿದಿಲ್ಲ ಅಕ್ಕ. ಮೊದಲ ಔಷಧಿ ಹಿಡಿಯಲಿಲ್ಲ, ಇದು ಎರಡನೆಯದು, ಇದೂ ಕೈಕೊಟ್ಟರೆ ನಮ್ಮ ಹತ್ತಿರ ಹೆಚ್ಚೇನೂ ಉಳಿಯೋದಿಲ್ಲಮ್ಮ, ಡಾಕ್ಟರು ಕನ್ನಡಕ ಒರೆಸುತ್ತಾ ಹೇಳಿದ್ದು, ಒರೆಸುತ್ತಲೇ ಇದ್ದರು. ಸೋಮವಾರ ಅವರೇ ಅಕ್ಕನಿಗೆ ಹೇಳುತ್ತಾರೆ, ಹಾಗಾದರೆ ಭಾನುವಾರದವರೆಗಾದರೂ ಮುಚ್ಚಿಟ್ಟರೆ — ಇನ್ನರ್ಧ ಗಂಟೆಗೆ ಅಜ್ಜಂಪುರ, ಬಸ್ಸು ನಿಲ್ಲುವ ಎರಡು ನಿಮಿಷಕ್ಕಾಗಿ ಅವ್ವ ಸ್ಟ್ಯಾಂಡಿಗೆ ಬಂದಿರುತ್ತಾಳೆ, ಖಾಕಿಯಲ್ಲಿ ಮಗಳನ್ನು ನೋಡಲು, ಏನ್ ಬಂತೇ ರಿಪೋರ್ಟು, ಅನ್ನುತ್ತಾಳೆ, ಬಾಯಿಗೆ ಸೆರಗು ಒತ್ತಿಕೊಂಡು.

ಅಳತೆ ಬದಲಾಯಿಸಿದರೆ? ಒಂದೇ ಪದ, ಲಾಗ್, ಹಾಕಿದರೆ ದೊಡ್ಡದು ಕುಗ್ಗಿ ಚಿಕ್ಕವು ಏಳುತ್ತವೆ, ಅಂಕಿ ಸುಳ್ಳಾಗುವುದಿಲ್ಲ, ಕಣ್ಣು ಮಾತ್ರ ಮೋಸ ಹೋಗುತ್ತದೆ, ಹೀಗೆ ಮಾಡಿದ್ದಕ್ಕೇ ಒಬ್ಬಳನ್ನು ಎಲ್ಲರೆದುರು ಬೈದಿದ್ದಾಳೆ ಅವಳು, ಓದುವವರಿಗೆ ಮೋಸ ಇದು ಎಂದು — ಬೆರಳು ಆಗಲೇ ಒತ್ತಿಬಿಟ್ಟಿದೆ, ಗೆರೆಗಳು ಎದ್ದು ನಿಂತಿವೆ, ಬ್ಯಾಗು ಸರಿಸಿಕೊಂಡು ಅಕ್ಕ ಪಕ್ಕಕ್ಕೆ ಬಂದು ಕೂತಿದ್ದಾಳೆ, ಬಂತೇನೇ, ತೋರ್ಸು, ಅಯ್ಯೋ ಇವೆಲ್ಲ ಹೋದ್ಸಲ ಕಾಣ್ತಾನೇ ಇರ್ಲಿಲ್ಲ, ಎದ್ದ್ ಬಂದವಲ್ಲೇ ಸ್ಫೂರ್ತಿ. ಹೂಂ ಅಕ್ಕ, ಎದ್ದಿವೆ. ಯಾರ ಬಾಯಿಂದ ಬಂತು ಅದು. ಅಕ್ಕನ ಕಣ್ಣು ತುಂಬಿದೆ, ಡ್ರೈವರಿಗೆ ಕೇಳುವಂತೆ ನಗುತ್ತಾಳೆ, ಆಮೇಲೆ ಬಗ್ಗುತ್ತಾಳೆ, ಇನ್ನೂ ಹತ್ತಿರ, ಇದೊಂದ್ ಯಾಕೆ ಇನ್ನೂ ಉದ್ದ ಐತಲ್ಲೇ, ಎನ್ನುತ್ತಾ ಮೊದಲ ಕಂಬದ ತುದಿಗೆ ಬೆರಳಿಡುತ್ತಾಳೆ, ಔಷಧಿಗೆ ಸುಟ್ಟು ಕಪ್ಪಾದ ಉಗುರು, ಬಸ್ಸು ಕುಲುಕಿದರೂ ಸರಿಯುವುದಿಲ್ಲ, ಏನಾದರೂ ಹೇಳಬೇಕು, ಈಗಲೇ ಹೇಳಬೇಕು, ನೀಲಿ ಕಂಬದ ತುದಿಯಲ್ಲಿ ಆ ಕಪ್ಪು ಉಗುರು, ಹೇಳಬೇಕು, ಕಪ್ಪು ಉಗುರು, ಆ ಉಗುರು —